ಓಡುವ ಎಂಜಿನೋ, ಉಳಿಯುವ ಎಂಜಿನೋ?

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಸಂಸಾರಸಮೇತರಾಗಿ ಮಾಥೇರಾನಕ್ಕೆ ಹೊರಟೆವು. ಡೊಂಬಿವಲಿಯವರಾದ ನಮಗೆ ಅದೇನೂ ದೂರದ ಯಾತ್ರೆಯಲ್ಲ. ಕರ್ಜತ ಲೋಕಲಿನಲ್ಲಿ ಕುಳಿತು ಕಲ್ಯಾಣ ದಾಟಿದರೆ ನೇರಳ ಬಂದೇಬಿಡುತ್ತದೆ. ಕಲ್ಯಾಣದಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರೂ ಜೊತೆಗೆ ಬಂದಿದ್ದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರು ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಮಕ್ಕಳಿಗೆಲ್ಲ ‘ಅಜ್ಜ’.

ನೇರಳ ನಿಲ್ದಾಣದಲ್ಲಿ ಪುಟ್ಟ ಉಗಿ ಎಂಜಿನೊಂದನ್ನು ಪ್ರದರ್ಶನಕ್ಕೆ ನಿಲ್ಲಿಸಿದ್ದಾರೆ. ನಮ್ಮ ಮಗಳು ಅದನ್ನು ಸುತ್ತಿ ಬಂದು, “ಅಜ್ಜಾ, ಇದು ಯಾಕ ಓಡಂಗಿಲ್ಲ? ರಿಪೇರಿ ಮಾಡ್ಲಿಕ್ಕೆ ಬರೂದಿಲ್ಲೇನು?” ಎಂದು ಕೇಳಿದಳು.

“ಯಾಕ ಬರೂದಿಲ್ಲವ್ವಾ, ಬರ್ತದ. ಆದರ ರಿಪೇರಿ ಆದಮ್ಯಾಲೆ ಇದು ಇದೇ ಎಂಜಿನ್ ಆಗಿ ಉಳೀತದೇನು, ಅದನ್ನ ಕೇಳು” ಎಂದರು ಅಜ್ಜ.

ಮಗು ಕೇಳಿದ್ದು ಸಣ್ಣ ಪ್ರಶ್ನೆಯಾದರೂ ದೊಡ್ಡವರು ಇನ್ನೂ ವಾದಿಸುತ್ತಿರುವ ವಿಷಯವಿದು. ಅದನ್ನು ತಿಳಿಯಲು ಈ ಎಂಜಿನಿನ ಹುಟ್ಟನ್ನು ತಿಳಿಯಬೇಕು. ಸರ್ ಆದಮ್‌ಜಿ ಪೀರ್‌ಭಾಯಿಯವರ ಹಣ, ಅವರ ಮಗ ಅಬ್ದುಲ್ ಹುಸೇನರ ಹಟ, ಇವೆರಡೂ ಸೇರಿ 1904ರಲ್ಲಿ ಆರಂಭವಾದ ಈ ದಾರಿ 1907ರಲ್ಲಿ ಮುಗಿಯಿತು. ತಗಲಿದ ವೆಚ್ಚ 16 ಲಕ್ಷ ರೂಪಾಯಿ. ಹಳಿಗಳ ನಡುವಿನ ಅಂತರ ಬರಿಯ 2 ಅಡಿ, ಕಡಿದಾದ ಕಡೆಗಳಲ್ಲಿ 20 ಅಡಿ ಸಾಗಿದರೆ 1 ಅಡಿ ಏರು, ಹೆಜ್ಜೆಹೆಜ್ಜೆಗೂ ತಿರುವು. ಸಾಮಾನ್ಯ ಎಂಜಿನು ಇಂಥ ತಿರುವಿನಲ್ಲಿ ಬಾಗಲಾರದು. ಆದ್ದರಿಂದ ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪನಿಯಿಂದ 4 ವಿಶೇಷ ಎಂಜಿನುಗಳನ್ನು ತರಿಸಿದರು.

ಅವುಗಳ ವಿಶೇಷವಿರುವುದು ಅಚ್ಚಿನಲ್ಲಿ. ಎಂಜಿನಿಗೆ ಮೂರು ಜೊತೆ ಗಾಲಿಗಳು. ಮುಂದಿನ ಮತ್ತು ಹಿಂದಿನ ಅಚ್ಚುಗಳು ಎರಡು ಪದರಿನವು. ಒಳಗೊಂದು ಗಟ್ಟಿ ಅಚ್ಚು, ಅದರ ಮೇಲೆ ಗಾಲಿಗಳನ್ನು ಹೊತ್ತ ಟೊಳ್ಳು ಅಚ್ಚು, ನಡುವೆ ಗುಂಡಿನಂಥ ಕೀಲು. ಒಳಗಿನದು ನೇರವಾಗಿ ತಿರುಗುತ್ತಿದ್ದರೂ ಹೊರಗಿನದು ಹಳಿಯ ಬಾಗಿಗೆ ತಕ್ಕಂತೆ ಓರೆಯಾಗಿ ಹೊರಳುತ್ತದೆ. ಇದಕ್ಕೆ ಕ್ಲೀನ್-ಲಿಂಡ್ನರ್ ಅಚ್ಚು ಎಂದು ಹೆಸರು. 1980ರ ದಶಕದಲ್ಲಿ ಡೀಸೆಲ್ ಎಂಜಿನುಗಳು ಬಂದು ಇವು ವಿಶ್ರಾಂತಿಗೆ ಸಂದವು. ಇಂದು ಒಂದು ನೇರಳದಲ್ಲಿದೆ, ಇನ್ನೊಂದು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ, ಮತ್ತೊಂದು ಇಂಗ್ಲೆಂಡಿನ ಲೇಟನ್ ಬಜರ್ಡ್ ಸೇರಿದೆ.

ಓಡಿಸಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. 1855ರಲ್ಲಿ ಲೀಡ್ಸಿನಲ್ಲಿ ತಯಾರಾದ ‘ಫೇರಿ ಕ್ವೀನ್’ ಎಂಜಿನು 1909ರಲ್ಲಿ ನಿಂತುಹೋಗಿತ್ತು. ಪೆರಂಬೂರಿನ ಕಾರ್ಖಾನೆಯವರು ಅದನ್ನು ದುರಸ್ತಿ ಮಾಡಿದರು. 1997ರಲ್ಲಿ ಅದು ದೆಹಲಿಯಿಂದ ಆಳ್ವಾರಕ್ಕೆ ಪ್ರಯಾಣಿಕರನ್ನು ಎಳೆಯಿತು. ನಿಂತ ಎಂಜಿನು ಕಬ್ಬಿಣ, ಓಡುವ ಎಂಜಿನು ಜೀವ ಎಂಬ ಮಾತು ಸುಳ್ಳಲ್ಲ. ಕೆಲಸ ಇಲ್ಲದಿದ್ದರೆ ಕೆಲಸಗಾರನೂ ಇಲ್ಲ. “ಕೆಂಪಗೆ ಕಾದ ರಿವೆಟ್ ಆರೂದ್ರಾಗ ಬಡೀಬೇಕ್ರಿ. ಅದು ಪುಸ್ತಕ ಓದಿದ್ರ ಬರೂದಲ್ಲ, ಕೈಗೇ ಬರಬೇಕು” ಎಂದು ಅಜ್ಜ ತಮ್ಮ ಅಂಗೈ ನೋಡಿಕೊಂಡರು.

ಆದರೆ ಓಡಿದಷ್ಟೂ ಸವೆತ, ಸವೆದಷ್ಟೂ ಬದಲಾವಣೆ. ಬಾಯ್ಲರಿನ ತಗಡು ತೆಳುವಾಗುತ್ತದೆ, ಕೊಳವೆಗಳು ಸೋರುತ್ತವೆ. ಉಗಿಯ ಒತ್ತಡದೊಡನೆ ಆಟವಾಡುವಂತಿಲ್ಲ. ಜನರ ಪ್ರಾಣದ ಪ್ರಶ್ನೆ. ರಿವೆಟ್ ಹೋಗಿ ವೆಲ್ಡಿಂಗ್ ಬರುತ್ತದೆ, ಕಲ್ಲಿದ್ದಲು ಹೋಗಿ ಎಣ್ಣೆ ಬರುತ್ತದೆ. ಮಾಥೇರಾನದ ಎಂಜಿನಿಗೆ ದುರಸ್ತಿಯ ಹೆಸರಿನಲ್ಲಿ ಸಾಮಾನ್ಯ ಅಚ್ಚು ಹಾಕಿದರೆ ನೋಡುವವರಿಗೆ ಏನೂ ತಿಳಿಯದು; ಆದರೆ ಯಾವ ಗುಣಕ್ಕಾಗಿ ಅದು ಹುಟ್ಟಿತೋ ಆ ಗುಣವೇ ಮಾಯವಾಗಿರುತ್ತದೆ.

ನಮ್ಮೂರ ತೇರಿನ ಗಾಲಿ ಬದಲಾದರೂ ತೇರು ಅದೇ ಅಲ್ಲವೇ ಎಂದು ನಾವು ಕೇಳಿದೆವು. ಅಜ್ಜ ನಕ್ಕರು. “ತೇರಿನ ಬಡಿಗ್ಯಾ ಹಳೇ ಗಾಲಿ ಅಳತಿ ತಗೊಂಡು ಹೊಸಾದು ಮಾಡ್ತಾನ್ರಿ ರಾಯರ. ಅಳತಿ ತಗೊಳ್ಳಲಿಕ್ಕೆ ಹಳೇದು ಇರಬೇಕಲ್ಲಾ?”

ನಮಗೆ ದಾರಿ ಕಂಡದ್ದು ಆ ಮಾತಿನಲ್ಲಿಯೇ. ನೀಲಗಿರಿಯ ರೈಲಿನವರು ಹಾಗೆಯೇ ಮಾಡಿದರು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಹಳೆಯ ಎಂಜಿನುಗಳ ಮಾದರಿಯಲ್ಲಿ ತಿರುಚ್ಚಿಯ ಪೊನ್ಮಲೈ ಕಾರ್ಖಾನೆ ಹೊಸವನ್ನೇ ಕಟ್ಟಿತು. ಮಾಥೇರಾನದಲ್ಲಿಯೂ ಈ ಶತಮಾನದ ಆರಂಭದಲ್ಲಿ ಉಗಿ ಎಂಜಿನಿನ ಆಸೆಯನ್ನು ಡಾರ್ಜಿಲಿಂಗಿನಿಂದ ತಂದ ಎಂಜಿನೊಂದು ತೀರಿಸಿತು. ಇಲ್ಲಿಯ ಮುದಿ ಎಂಜಿನನ್ನು ಕೆದಕಬೇಕಾಗಲಿಲ್ಲ.

ದುರಸ್ತಿ ಮಾಡಲೇಬೇಕಾದಲ್ಲಿ ನಮ್ಮ ಕಚೇರಿಯ ಪದ್ಧತಿಯೇ ಸಾಕೆಂದು ತೋರುತ್ತದೆ. ಕಡತದಲ್ಲಿ ಅಂಕಿ ತಪ್ಪಿದರೆ ಗುಮಾಸ್ತರಾದ ನಾವು ಅದನ್ನು ಕೆರೆದು ಅಳಿಸುವಂತಿಲ್ಲ. ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಎಂಜಿನಿಗೂ ಅಷ್ಟೇ: ತೆಗೆದ ಭಾಗವನ್ನು ಗುಜರಿಗೆ ಹಾಕದೆ ಇಡಬೇಕು, ಹೊಸ ಭಾಗದ ಮೇಲೆ ಇಸವಿ ಕೊರೆಯಬೇಕು, ಮಾಡಿದ್ದನ್ನೆಲ್ಲ ಬರೆದಿಡಬೇಕು.

ಇಷ್ಟು ಜಾಗ್ರತೆ ಏತಕ್ಕೆಂದು ಕೇಳುವವರು ನಮ್ಮ ಠಾಣೆಯನ್ನೇ ನೆನೆಯಬಹುದು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಅಲ್ಲಿಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿಯನ್ನು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು ಎಳೆದುವು. ಹೆಸರುಗಳು ಉಳಿದಿವೆ, ಮಕ್ಕಳನ್ನು ಕರೆದೊಯ್ದು ತೋರಿಸೋಣವೆಂದರೆ ಅವುಗಳಲ್ಲಿ ಒಂದೂ ಇಂದು ಸಿಗುವುದಿಲ್ಲ.

ಬೆಟ್ಟದ ಗಾಡಿ ಹೊರಡುವ ಹೊತ್ತಾಯಿತು. ಮಗಳು ಎಂಜಿನಿನ ಕೆಳಗೆ ಬಗ್ಗಿ ಆ ಅಚ್ಚನ್ನು ಹುಡುಕುತ್ತಿದ್ದಳು. ಅಜ್ಜ ಪಕ್ಕದಲ್ಲಿ ಕುಳಿತು ಬೆರಳಿಟ್ಟು ತೋರಿಸುತ್ತಿದ್ದರು. ನೇರಳಕ್ಕೆ ಹೋಗುವ ವಾಚಕರು ತಾವೂ ಒಮ್ಮೆ ಬಗ್ಗಿ ನೋಡಬೇಕೆಂದು ನಮ್ಮ ಬಿನ್ನಹ.