ಲಕ್ಷ ರಾಸಾಯನಿಕಗಳ ನಡುವೆ ಒಂದು

1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರ ತಂಡ, ಫ್ಯಾಂಕೋನಿ ರಕ್ತಹೀನತೆಯಿಂದ ನರಳುತ್ತಿದ್ದ ಹುಡುಗನಿಗೆ ಅವನ ತಂಗಿ ಹುಟ್ಟಿದಾಗ ಸಂಗ್ರಹಿಸಿಟ್ಟ ಹೊಕ್ಕುಳಬಳ್ಳಿಯ ರಕ್ತವನ್ನು ಕೊಟ್ಟು ಬದುಕಿಸಿತು. ಆ ರಕ್ತದಲ್ಲಿದ್ದ ಕಾಂಡಕೋಶಗಳು ಅವನ ಮೂಳೆಮಜ್ಜೆಯಲ್ಲಿ ನೆಲೆಸಿ ಹೊಸ ರಕ್ತವನ್ನು ಹುಟ್ಟಿಸಿದವು. ಆದರೆ ಒಂದು ಬಳ್ಳಿಯಲ್ಲಿ ಸಿಗುವ ಕೋಶಗಳು ಮಗುವಿಗೆ ಸಾಕಾದರೂ ದೊಡ್ಡವರಿಗೆ ಅನೇಕ ವೇಳೆ ಸಾಲುವುದಿಲ್ಲ. ಪ್ರಯೋಗಾಲಯದಲ್ಲಿ ಹೆಚ್ಚಿಸಲು ಹೋದರೆ ಅವು ಕಾಂಡಕೋಶಗಳಾಗಿ ಉಳಿಯದೆ ಸಾಮಾನ್ಯ ರಕ್ತಕೋಶಗಳಾಗಿಬಿಡುತ್ತವೆ.

ಇದನ್ನು ತಡೆಯುವ ವಸ್ತು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಕೋಶಗಳನ್ನೇ ಕೇಳಿದರು. ಪುಟ್ಟ ಗುಳಿಗಳಿರುವ ತಟ್ಟೆಗಳಲ್ಲಿ ಮನುಷ್ಯರ ಕಾಂಡಕೋಶಗಳನ್ನಿಟ್ಟು, ಒಂದೊಂದು ಗುಳಿಗೆ ಒಂದೊಂದು ರಾಸಾಯನಿಕದಂತೆ ಒಂದು ಲಕ್ಷ ರಾಸಾಯನಿಕಗಳನ್ನು ಪರೀಕ್ಷಿಸಿದರು. ಸಿಡಿ34 ಎಂಬ ಗುರುತು ಹೊತ್ತ ಕೋಶಗಳು ಯಾವ ಗುಳಿಯಲ್ಲಿ ಹೆಚ್ಚು ಉಳಿದಿವೆ ಎಂದು ನೋಡಿದರು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಸ್ಕ್ರೀನಿಂಗ್‌ನಲ್ಲಿ ಸಿಕ್ಕಿದ್ದು ಎಸ್‌ಆರ್1 ಎಂಬ ರಾಸಾಯನಿಕ.

ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಹೆಜ್ಜೆ. ಎಸ್‌ಆರ್1 ಬೆರೆಸಿದಾಗ ಹೊಕ್ಕುಳಬಳ್ಳಿಯ ಸಿಡಿ34 ಕೋಶಗಳು 50 ಪಟ್ಟಾದವು. ಆದರೆ ಗುರುತು ಇದ್ದ ಮಾತ್ರಕ್ಕೆ ಅದು ಕಾಂಡಕೋಶವಲ್ಲ. ಬೀಜ ಎಷ್ಟೇ ತುಂಬಿಕೊಂಡಿದ್ದರೂ ಬಿತ್ತಿ ನೋಡಬೇಕು. ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಆ ಕೋಶಗಳನ್ನು ಕೊಟ್ಟಾಗ, ಮಜ್ಜೆಯಲ್ಲಿ ನೆಲೆಯೂರಿ ರಕ್ತ ಹುಟ್ಟಿಸಬಲ್ಲ ಕೋಶಗಳು ಹೆಚ್ಚಿದ್ದು 17 ಪಟ್ಟು ಮಾತ್ರ. ಸ್ಕ್ರೀನಿಂಗ್‌ನ ಫಲಿತಾಂಶ ಓದುವಾಗ ನಾವು ನಂಬಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನು.

ಎಸ್‌ಆರ್1 ಕೆಲಸ ಮಾಡುವ ಬಗೆ ತಿಳಿದದ್ದು ಆಮೇಲೆ. ಡಯಾಕ್ಸಿನ್ ವಿಷ ಬಂದು ಅಂಟುವ ಅರಿಲ್ ಹೈಡ್ರೊಕಾರ್ಬನ್ ಗ್ರಾಹಕವನ್ನು ಅದು ತಡೆಯುತ್ತದೆ. ವಿಷಶಾಸ್ತ್ರದವರು ಬಹಳ ಕಾಲದಿಂದ ಬಲ್ಲ ಆ ಪ್ರೊಟೀನಿಗೆ ರಕ್ತದ ಕಾಂಡಕೋಶಗಳ ಹಣೆಬರಹದಲ್ಲೂ ಪಾಲಿದೆ ಎಂಬುದನ್ನು ತೋರಿಸಿಕೊಟ್ಟದ್ದು ಈ ಹುಡುಕಾಟ. ಇನ್ನೊಂದು ವಿಚಿತ್ರ: ಇಲಿಯ ಕಾಂಡಕೋಶಗಳ ಮೇಲೆ ಎಸ್‌ಆರ್1 ಪರಿಣಾಮ ಬೀರುವುದಿಲ್ಲ. ಸುಲಭವೆಂದು ಇಲಿಯ ಕೋಶಗಳಲ್ಲೇ ಹುಡುಕಿದ್ದರೆ ಇದು ಕೈತಪ್ಪುತ್ತಿತ್ತು.

ಮಿನೆಸೋಟ ವಿಶ್ವವಿದ್ಯಾಲಯದ ವೈದ್ಯರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಎಸ್‌ಆರ್1ನಿಂದ ಹೆಚ್ಚಿಸಿದ ಕೋಶಗಳನ್ನು ಪಡೆದ 17 ಮಂದಿಯಲ್ಲೂ ಕಸಿ ಹಿಡಿಯಿತು. ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್‌ಗಳು ಚೇತರಿಸಿಕೊಳ್ಳಲು ಹೀಗೆ ಹೆಚ್ಚಿಸದ ಹೊಕ್ಕುಳಬಳ್ಳಿಯ ರಕ್ತ ಪಡೆದ ಹಿಂದಿನ ರೋಗಿಗಳಿಗೆ ಸುಮಾರು 24 ದಿನ ಹಿಡಿದಿದ್ದರೆ ಇವರಿಗೆ ಸುಮಾರು 15 ದಿನ ಸಾಕಾಯಿತು. ಮಜ್ಜೆ ಬರಿದಾದ ರೋಗಿಗೆ ಆ ಒಂಬತ್ತು ದಿನಗಳು ಸಣ್ಣ ಸಂಗತಿಯಲ್ಲ.

ಈ ನಡುವೆ ಮಾಂಟ್ರಿಯಲ್‌ನಲ್ಲಿ ಗೀ ಸೊವಾಜೊ ಅವರ ತಂಡ ಇನ್ನಷ್ಟು ಬಿಗಿಯಾದ ಗುರುತುಗಳಿಂದ ಕೋಶಗಳನ್ನು ಆಯ್ದುಕೊಂಡು ಕೇವಲ 5,280 ರಾಸಾಯನಿಕಗಳನ್ನು ಜಾಲಾಡಿತ್ತು. ಗೆದ್ದ ಏಳರಲ್ಲಿ ಐದು ಅದೇ ಗ್ರಾಹಕವನ್ನು ತಡೆಯುವಂಥವು. ಉಳಿದೆರಡರಲ್ಲಿ ಒಂದನ್ನು ತಿದ್ದಿ ತೀಡಿ ರೂಪಿಸಿದ್ದೇ 2014ರಲ್ಲಿ ಪ್ರಕಟವಾದ ಯುಎಂ171. ಅದರ ದಾರಿ ಎಸ್‌ಆರ್1ನ ದಾರಿಯಲ್ಲ.