ಕಾರಿನ ಆಂಪ್ಲಿಫೈಯರ್: ಎಷ್ಟು ಸದ್ದು, ಎಷ್ಟು ಶಾಖ

ಬ್ಯಾಟರಿಯಿಂದ ಪಡೆದ ವಿದ್ಯುತ್ತಿನಲ್ಲಿ ಆಂಪ್ಲಿಫೈಯರ್ ಎಷ್ಟು ಪಾಲನ್ನು ಸ್ಪೀಕರಿಗೆ ಮುಟ್ಟಿಸುತ್ತದೆಯೋ ಅದೇ ಅದರ ದಕ್ಷತೆ. ಉಳಿದದ್ದೆಲ್ಲ ಶಾಖವಾಗುತ್ತದೆ. ಕಾರಿನಲ್ಲಿ ಈ ನಷ್ಟ ದುಬಾರಿ. ಅಲ್ಲಿರುವುದು 12 ವೋಲ್ಟ್ ಬ್ಯಾಟರಿ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವುದು ಸುಮಾರು 14 ವೋಲ್ಟ್. ವೋಲ್ಟೇಜ್ ಕಡಿಮೆಯಿದ್ದಷ್ಟೂ ಅದೇ ಶಕ್ತಿಗೆ ಹೆಚ್ಚು ಆಂಪಿಯರ್ ಬೇಕು. ಆಂಧ್ರದ ಆಸ್ಪರಿ, ಆದೋನಿ, ಆಲೂರು ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಸುತ್ತಲಿನ ಗಾಳಿಯೇ ಕಾದಿರುವಾಗ ಸೀಟಿನಡಿಯ ಆಂಪ್ಲಿಫೈಯರ್ ತಣ್ಣಗಾಗುವುದು ಕಷ್ಟ.

ಟ್ರಾನ್ಸಿಸ್ಟರ್‌ಗಳು ಕೆಲಸ ಮಾಡುವ ಬಗೆಯ ಮೇಲೆ ಆಂಪ್ಲಿಫೈಯರ್‌ಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ‘ಎ’ ವರ್ಗದಲ್ಲಿ ಹಾಡು ಇರಲಿ, ಇಲ್ಲದಿರಲಿ, ಕರೆಂಟ್ ಸದಾ ಹರಿಯುತ್ತಿರುತ್ತದೆ. ಧ್ವನಿ ಶುದ್ಧ, ಆದರೆ ದಕ್ಷತೆ ಸಿದ್ಧಾಂತದ ಪ್ರಕಾರವೂ ಶೇ 50 ಮೀರದು. ‘ಬಿ’ ವರ್ಗದಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಗರಿಷ್ಠ ದಕ್ಷತೆ ಶೇ 78.5. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಧ್ವನಿ ಒಡೆಯುತ್ತದೆ. ಎರಡಕ್ಕೂ ಸ್ವಲ್ಪ ಕರೆಂಟ್ ಸದಾ ಹರಿಸಿ ಈ ದೋಷ ನೀಗಿಸಿದ್ದೇ ‘ಎಬಿ’ ವರ್ಗ. ಪೂರ್ಣ ಸದ್ದಿನಲ್ಲಿ ಇದರ ದಕ್ಷತೆ ಸಾಮಾನ್ಯವಾಗಿ ಶೇ 50ರಿಂದ 65. ಸದ್ದು ತಗ್ಗಿಸಿದರೆ ದಕ್ಷತೆ ಇನ್ನೂ ಕುಸಿಯುತ್ತದೆ: ‘ಬಿ’ ವರ್ಗದ್ದೇ ಪೂರ್ಣ ಶಕ್ತಿಯ ಹತ್ತನೇ ಒಂದು ಭಾಗದಲ್ಲಿ ಶೇ 25ರ ಆಸುಪಾಸಿಗೆ ಇಳಿಯುತ್ತದೆ.

‘ಡಿ’ ವರ್ಗದ ದಾರಿಯೇ ಬೇರೆ. ಇಲ್ಲಿ ಟ್ರಾನ್ಸಿಸ್ಟರ್ ಸ್ವಿಚ್ಚಿನಂತೆ ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಅಲೆ ಏರಿದಾಗ ತೆರೆದಿರುವ ಅವಧಿ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಕೊನೆಯಲ್ಲಿ ಕಾಯಿಲ್ ಮತ್ತು ಕೆಪಾಸಿಟರ್ ಈ ವೇಗದ ಮಿಡಿತವನ್ನು ಸೋಸಿ ಸಂಗೀತವನ್ನಷ್ಟೇ ಸ್ಪೀಕರಿಗೆ ಬಿಡುತ್ತವೆ. ಶಾಖ ಹುಟ್ಟಿಸುವ ಅರೆತೆರೆದ ಸ್ಥಿತಿಯೇ ಇಲ್ಲದಂತಾಗಿ ಶಾಖ ತೀರ ಕಡಿಮೆ. ದಕ್ಷತೆ ಶೇ 80ರಿಂದ 90 ಮುಟ್ಟುತ್ತದೆ. ಮೊದಲು ಮಂದ್ರ ಸ್ವರದ ಸಬ್‌ವೂಫರ್‌ಗಳಿಗೇ ಹೆಚ್ಚಾಗಿ ಬಳಸುತ್ತಿದ್ದ ಈ ವರ್ಗ ಈಗ ಎಲ್ಲ ಬಗೆಯ ಸ್ಪೀಕರುಗಳಿಗೂ ಬಂದಿದೆ.

400 ವಾಟ್ ಹೊರಬರಬೇಕಾದರೆ ಶೇ 60 ದಕ್ಷತೆಯ ‘ಎಬಿ’ಗೆ ಸುಮಾರು 667 ವಾಟ್, ಅಂದರೆ 14.4 ವೋಲ್ಟಿನಲ್ಲಿ 46 ಆಂಪಿಯರ್ ಬೇಕು. 267 ವಾಟ್ ಶಾಖವಾಗಿ ಹೋಗುತ್ತದೆ. ಶೇ 85 ದಕ್ಷತೆಯ ‘ಡಿ’ಗೆ 33 ಆಂಪಿಯರ್ ಸಾಕು, ಶಾಖ ಸುಮಾರು 71 ವಾಟ್ ಮಾತ್ರ.

ಡಬ್ಬಿಯ ಮೇಲಿನ ದೊಡ್ಡ ಅಂಕಿ ಹಲವೊಮ್ಮೆ ಕ್ಷಣಮಾತ್ರದ ಗರಿಷ್ಠ ಶಕ್ತಿ. ನೋಡಬೇಕಾದದ್ದು ಸತತವಾಗಿ ಕೊಡಬಲ್ಲ ಶಕ್ತಿ, ಅಂದರೆ ‘ಆರ್‌ಎಂಎಸ್’ ವಾಟ್. ಅದನ್ನು ಫ್ಯೂಸಿನಿಂದ ಅಂದಾಜಿಸಬಹುದು: ಫ್ಯೂಸಿನ ಆಂಪಿಯರನ್ನು ವೋಲ್ಟೇಜಿನಿಂದಲೂ ದಕ್ಷತೆಯಿಂದಲೂ ಗುಣಿಸಬೇಕು. 14.4 ವೋಲ್ಟ್, ಶೇ 85 ದಕ್ಷತೆಯ ಲೆಕ್ಕದಲ್ಲಿ 30 ಆಂಪಿಯರ್ ಫ್ಯೂಸಿನ ‘ಡಿ’ ವರ್ಗದ ಆಂಪ್ಲಿಫೈಯರ್ ಸತತವಾಗಿ ಸುಮಾರು 367 ವಾಟ್ ಕೊಡಬಲ್ಲದು, ಡಬ್ಬಿಯ ಮೇಲೆ ಬರೆದಿರಬಹುದಾದ 2000 ಅಲ್ಲ. ಯಾವ ವರ್ಗವನ್ನು ಆರಿಸಿಕೊಂಡರೂ ಕರೆಂಟಿಗೆ ತಕ್ಕ ದಪ್ಪದ ತಾಮ್ರದ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಸುತ್ತ ಗಾಳಿಯಾಡುವ ಜಾಗ ಇರಲೇಬೇಕು.