ಉಪ್ಪುನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್: ಕಾಪಿಡುವ, ಕರಗಿಸುವ ಕ್ರಮ

ಅಡಿಕೆಯ ಜೊತೆಗೆ ಮಾವಿನ ಮಿಡಿಯನ್ನೋ ಮಿಡಿಸೌತೆಯನ್ನೋ ಉಪ್ಪುನೀರಿನಲ್ಲಿ ಹಾಕಿಡುವ ಬೆಳೆಗಾರ ಬಾಂಧವರಿಗೆ ಮಿಡಿ ಮೆತ್ತಗಾಗುವುದೇ ದೊಡ್ಡ ನಷ್ಟ. ಕಾಯಿಯಲ್ಲಿರುವ ಪೆಕ್ಟಿನ್ನಿನೊಡನೆ ಸೇರಿ ಅದನ್ನು ಗಟ್ಟಿಯಾಗಿಡುವುದು ಕ್ಯಾಲ್ಸಿಯಂ. ಬೂದುಗುಂಬಳದ ಹೋಳುಗಳನ್ನು ಸುಣ್ಣದ ತಿಳಿಯಲ್ಲಿ ನೆನೆಸುವುದೂ ಇದಕ್ಕಾಗಿಯೇ. ಆದರೆ ಸುಣ್ಣವು ಹುಳಿಯನ್ನು ಮುರಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಗೆ ಮಾಡದು.

ಕೊಳ್ಳುವಾಗ ಚೀಲದ ಮೇಲೆ 'ಆಹಾರ ದರ್ಜೆ' ಮತ್ತು ಐಎನ್‌ಎಸ್ 509 ಎಂದು ಇದೆಯೇ ನೋಡಬೇಕು. ಕೈಗಾರಿಕೆಗೆಂದು ಮಾರುವ ಸರಕು ಎಷ್ಟೇ ಅಗ್ಗವಾದರೂ ಬೇಡ.

ಇದು ಗಾಳಿಯ ತೇವ ಹೀರಿ ತಾನೇ ನೀರಾಗುವ ವಸ್ತು. ಜಗಳೂರಿನ ಒಣಹವೆಯಲ್ಲಿ ಕೆಲಕಾಲ ತಡೆದೀತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ಉಳಿಯದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಹೆಸರು ಬರೆದು, ನೆಲದಿಂದ ಮೇಲೆ ಇಡಿರಿ. ಗೊಬ್ಬರ, ಔಷಧಿ ಇಡುವ ಕೋಣೆಯಲ್ಲಿ ಇಡಬಾರದು. ತೇವ ಹೀರಿದ ಪುಡಿಯನ್ನು ತೂಗಿದರೆ ನೀರನ್ನೂ ತೂಗಿದಂತೆ, ಅಳತೆ ತಪ್ಪುತ್ತದೆ.

ಕರಗುವಾಗ ಬಿಸಿ ಏಳುತ್ತದೆ. ಆದ್ದರಿಂದ ತಣ್ಣೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕದಡಬೇಕು; ಪುಡಿಯ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಧರಿಸಿರಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬೇಡ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್ ಸಾಕು.

100 ಲೀಟರ್ ಉಪ್ಪುನೀರಿಗೆ 200 ಗ್ರಾಂ ಲೆಕ್ಕದಲ್ಲಿ 2 ಲೀಟರ್ ನೀರಿನಲ್ಲಿ ಕರಗಿಸಿ, ತಣಿದ ಮೇಲೆ ಬೆರೆಸಬಹುದು. ಕೊಳ್ಳುವವರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿರಿ. ಹೆಚ್ಚಾದರೆ ಕಹಿ ಬರುತ್ತದೆ. ಇದು ಉಪ್ಪಿಗೆ ಬದಲಿಯಲ್ಲ. ಮಿಡಿ ಕೆಡದಂತೆ ಕಾಯುವ ಉಪ್ಪಿನ ಪ್ರಮಾಣವನ್ನು ಇದರ ಭರವಸೆಯಲ್ಲಿ ಇಳಿಸಬಾರದೆಂದು ಒತ್ತಿ ಹೇಳುತ್ತೇವೆ.